ತಾನೇ ನಡೆಯುವ ಸರ್ವರ್, ತಡೆಯುವವರು ಯಾರು?

2025ರ ಅಕ್ಟೋಬರ್ 20, ನರಕ ಚತುರ್ದಶಿ. ನಮ್ಮ ಮನೆಗಳಲ್ಲಿ ಎಣ್ಣೆಸ್ನಾನ ಮುಗಿದು ಹಬ್ಬದೂಟಕ್ಕೆ ಎಲೆ ಹಾಕುವ ಹೊತ್ತು. ಮಧ್ಯಾಹ್ನ 12 ಗಂಟೆ 18 ನಿಮಿಷಕ್ಕೆ ಅಮೆರಿಕದ ವರ್ಜೀನಿಯಾದಲ್ಲಿರುವ ಅಮೆಜಾನ್ ಕ್ಲೌಡ್ ಕೇಂದ್ರದಲ್ಲಿ ಒಂದು ವಿಳಾಸ ಖಾಲಿಯಾಯಿತು. ಡೈನಮೋಡಿಬಿ ಎಂಬ ಡೇಟಾಬೇಸ್ ಸೇವೆಯನ್ನು ಹುಡುಕಿಕೊಂಡು ಬರುವ ಕಂಪ್ಯೂಟರುಗಳಿಗೆ ದಾರಿ ತೋರಿಸುವ ಡಿಎನ್‌ಎಸ್ ದಾಖಲೆ ಅದು. ಹೆಸರು ಇತ್ತು, ಅದರ ಮುಂದೆ ಒಂದೂ ಅಂಕಿ ಇರಲಿಲ್ಲ. ಸ್ನ್ಯಾಪ್‌ಚಾಟ್, ಸಿಗ್ನಲ್, ಫೋರ್ಟ್‌ನೈಟ್ ಆಟ, ಬ್ರಿಟನ್ನಿನ ಲಾಯ್ಡ್ಸ್ ಬ್ಯಾಂಕು, ಮನೆಬಾಗಿಲಿನ ರಿಂಗ್ ಕ್ಯಾಮೆರಾ, ಅಲೆಕ್ಸಾ, ಹೀಗೆ ಒಂದರ ಹಿಂದೊಂದು ತಡವರಿಸತೊಡಗಿದವು. ಎಲ್ಲವೂ ಪೂರ್ತಿ ಸರಿಹೋಗಲು ಹದಿನಾಲ್ಕು ಗಂಟೆಗೂ ಹೆಚ್ಚು ಹಿಡಿಯಿತು.

ಯಾರೂ ಹ್ಯಾಕ್ ಮಾಡಿರಲಿಲ್ಲ. ಯಾವ ನೌಕರನೂ ತಪ್ಪು ಗುಂಡಿ ಒತ್ತಿರಲಿಲ್ಲ. ಅಮೆಜಾನ್ ಆಮೇಲೆ ಪ್ರಕಟಿಸಿದ ವಿವರಣೆಯ ಸಾರ ಇಷ್ಟು. ಅಲ್ಲಿ ಒಂದು ಪ್ರೋಗ್ರಾಂ ಆಗಾಗ ಹೊಸ ವಿಳಾಸಪಟ್ಟಿ ತಯಾರಿಸುತ್ತದೆ. ಪಟ್ಟಿಯನ್ನು ಜಾರಿಗೆ ತರುವುದು ಬೇರೆ ಪ್ರೋಗ್ರಾಂ; ಒಂದು ಕೆಟ್ಟರೂ ಕೆಲಸ ನಿಲ್ಲಬಾರದೆಂದು ಅದರ ಮೂರು ಪ್ರತಿಗಳು ಮೂರು ಕಡೆ ಓಡುತ್ತಿರುತ್ತವೆ. ಆ ದಿನ ಮೂವರಲ್ಲಿ ಒಬ್ಬ ಹಿಂದೆ ಬಿದ್ದ. ಹಳೆಯ ಪಟ್ಟಿ ಹಿಡಿದುಕೊಂಡೇ ತೆವಳುತ್ತಿದ್ದ. ಅಷ್ಟರಲ್ಲಿ ಇನ್ನೊಬ್ಬ ಹೊಸ ಪಟ್ಟಿ ಹಾಕಿ ಮುಗಿಸಿ, ಹಳೆಯವನ್ನೆಲ್ಲ ಗುಡಿಸಲು ಹೊರಟ. ಅದೇ ಗಳಿಗೆಗೆ ನಿಧಾನದವನು ಬಂದು ಹೊಸದರ ಮೇಲೆ ತನ್ನ ಹಳೆಯ ಪಟ್ಟಿ ಅಂಟಿಸಿದ. ಗುಡಿಸುವವನ ಕಣ್ಣಿಗೆ ಅದು ಕಸ. ಅಳಿಸಿಬಿಟ್ಟ. ಇಬ್ಬರೂ ತಮಗೆ ಹೇಳಿಕೊಟ್ಟದ್ದನ್ನೇ ಮಾಡಿದ್ದರು.

ಮುಂದಿನದು ಇನ್ನೂ ಗಂಭೀರ. ಖಾಲಿಯಾದ ದಾಖಲೆಯನ್ನು ಆ ಪ್ರೋಗ್ರಾಂಗಳೇ ಮತ್ತೆ ತುಂಬಲಾರದ ಸ್ಥಿತಿಗೆ ವ್ಯವಸ್ಥೆ ಬಂದಿತ್ತು. ಎಂಜಿನಿಯರುಗಳು ಕೈಯಾರೆ ಸರಿಪಡಿಸಬೇಕಾಯಿತು. ಡೇಟಾಬೇಸ್ ಎದ್ದು ನಿಂತ ಮೇಲೆ ಸರ್ವರ್‌ಗಳ ಲೆಕ್ಕವಿಡುವ ಇನ್ನೊಂದು ವ್ಯವಸ್ಥೆ, ಬಾಕಿ ಉಳಿದ ಕೆಲಸವನ್ನೆಲ್ಲ ಒಮ್ಮೆಗೇ ಮಾಡಹೋಗಿ ತನ್ನ ಭಾರಕ್ಕೆ ತಾನೇ ಕುಸಿಯಿತು. ಇಂಥ ಸನ್ನಿವೇಶದಿಂದ ಹೊರಬರಲು ಮೊದಲೇ ನಿಗದಿಯಾದ ಕ್ರಮವೊಂದು ಇರಲಿಲ್ಲ ಎಂದು ಅಮೆಜಾನ್ ತಾನೇ ಬರೆದುಕೊಂಡಿದೆ. ಜಗತ್ತಿನ ಅತಿ ದೊಡ್ಡ ಕ್ಲೌಡ್ ಕಂಪನಿಯ ಬಳಿ, ಅದರ ಅತಿ ಹಳೆಯ ಕೇಂದ್ರದಲ್ಲಿ, ಕ್ರಮ ಇರಲಿಲ್ಲ. ಈ ಲೇಖನ ಬರೆಯಲು ನಮಗೆ ಅಷ್ಟೇ ಕಾರಣ ಸಾಕು.

ಹಾಗೆಂದು ಆಟೊಮೇಷನ್ ಬೇಡ ಎನ್ನುವ ಹುಚ್ಚು ನಮಗಿಲ್ಲ. ಹದಿನೈದು ವರ್ಷದ ಹಿಂದೆ ವೆಬ್‌ಸೈಟ್ ನಡೆಸುವುದೆಂದರೆ ಒಂದೊಂದು ಸರ್ವರ್‌ಗೂ ಲಾಗಿನ್ ಆಗಿ, ನೆನಪಿನಿಂದ ಕಮಾಂಡ್ ಬಡಿದು, ಪಾಸ್‌ವರ್ಡ್‌ಗಳನ್ನು ಎಕ್ಸೆಲ್ ಹಾಳೆಯಲ್ಲಿ ಬಚ್ಚಿಟ್ಟುಕೊಳ್ಳುವುದಾಗಿತ್ತು. ಅದರ ಬೆಲೆ ಎಷ್ಟೆಂಬುದನ್ನು 2012ರ ಆಗಸ್ಟ್ 1ರಂದು ನ್ಯೂಯಾರ್ಕ್ ಷೇರುಪೇಟೆಯಲ್ಲಿ ನೈಟ್ ಕ್ಯಾಪಿಟಲ್ ಎಂಬ ಕಂಪನಿ ತೋರಿಸಿಕೊಟ್ಟಿತು. ಎಂಟು ಸರ್ವರ್‌ಗಳಿಗೆ ಹೊಸ ಸಾಫ್ಟ್‌ವೇರ್ ಹಾಕಬೇಕಿತ್ತು, ಹಾಕಿದವರು ಒಂದನ್ನು ಮರೆತರು. ಸುಮಾರು 45 ನಿಮಿಷದಲ್ಲಿ 44 ಕೋಟಿ ಡಾಲರ್ ಹೋಯಿತು. ಟೆರಾಫಾರ್ಮ್, ಕುಬರ್ನೆಟಿಸ್ ಎಂಬ ಎರಡು ಸಾಧನಗಳೂ 2014ರಲ್ಲಿ ಬಂದದ್ದು ಇಂಥ ಮರೆವಿಗೆ ಮದ್ದಾಗಿ. ಏನು ಬೇಕೆಂದು ಒಂದು ಕಡತದಲ್ಲಿ ಬರೆದಿಟ್ಟರೆ ಎಂಟಲ್ಲ, ಎಂಟು ಸಾವಿರ ಸರ್ವರ್‌ಗಳೂ ಅದರಂತೆ ಎದ್ದು ನಿಲ್ಲುತ್ತವೆ. ಇಂದು ಎಚ್‌ಎಸ್‌ಆರ್ ಲೇಔಟಿನ ಬಾಡಿಗೆ ಕೋಣೆಯಲ್ಲಿ ಕೂತ ನಾಲ್ವರು ಹುಡುಗರು ಲಕ್ಷಾಂತರ ಗ್ರಾಹಕರ ಸೇವೆ ನಡೆಸಬಲ್ಲರಾದರೆ ಇದೇ ಕಾರಣ.

ಎಡವಟ್ಟು ಇರುವುದು ಇಲ್ಲೇ. ಎಂಟು ಸಾವಿರಕ್ಕೆ ಸರಿಯಾದದ್ದು ತಲುಪುವ ವೇಗದಲ್ಲೇ ತಪ್ಪೂ ತಲುಪುತ್ತದೆ. 2025ರ ಜೂನ್ 12ರಂದು ಗೂಗಲ್ ಕ್ಲೌಡ್‌ನಲ್ಲಿ ಒಂದು ನೀತಿ-ದಾಖಲೆ ಸೇರಿತು, ಅದರ ಕೆಲವು ಖಾನೆಗಳು ಖಾಲಿ ಇದ್ದವು. ಖಾಲಿ ಖಾನೆ ಬಂದರೆ ಏನು ಮಾಡಬೇಕೆಂದು ಗೊತ್ತಿಲ್ಲದ ಹೊಸ ಕೋಡ್ ಎರಡು ವಾರ ಮೊದಲೇ ಎಲ್ಲ ಕಡೆ ಹೋಗಿ ಕೂತಿತ್ತು. ದಾಖಲೆ ಸೆಕೆಂಡುಗಳಲ್ಲಿ ಜಗತ್ತಿನಾದ್ಯಂತ ನಕಲಾಯಿತು, ಎಲ್ಲ ಕೇಂದ್ರಗಳೂ ಒಟ್ಟಿಗೇ ಮುಗ್ಗರಿಸಿದವು. ಅದೇ ವರ್ಷದ ನವೆಂಬರ್ 18ರಂದು ಕ್ಲೌಡ್‌ಫ್ಲೇರ್ ಎಂಬ ಕಂಪನಿಯದೂ ಅದೇ ಜಾಡು. ಬಾಟ್‌ಗಳನ್ನು, ಅಂದರೆ ಮನುಷ್ಯರ ಬದಲು ತಾವೇ ಓಡಾಡುವ ಪ್ರೋಗ್ರಾಂಗಳನ್ನು, ಗುರುತಿಸುವ ಒಂದು ಕಡತ ಐದು ನಿಮಿಷಕ್ಕೊಮ್ಮೆ ತಾನಾಗಿ ತಯಾರಾಗಿ ತಾನಾಗಿ ಹರಡುತ್ತದೆ. ಡೇಟಾಬೇಸ್ ಅನುಮತಿಯಲ್ಲಿ ಮಾಡಿದ ಸಣ್ಣ ಬದಲಾವಣೆಯಿಂದ ಅದರ ಗಾತ್ರ ಇಮ್ಮಡಿಯಾಯಿತು, ಓದುವ ಪ್ರೋಗ್ರಾಂ ಮಿತಿ ಮೀರಿತೆಂದು ಬಿದ್ದುಹೋಯಿತು. ಒಮ್ಮೆ ಸರಿಯಾದ ಕಡತ, ಒಮ್ಮೆ ಕೆಟ್ಟದ್ದು ಬರುತ್ತಿದ್ದುದರಿಂದ ಸೇವೆ ಏಳುತ್ತ ಬೀಳುತ್ತ ಇತ್ತು; ಎಂಜಿನಿಯರುಗಳು ಮೊದಲು ಇದು ದೊಡ್ಡ ದಾಳಿಯೇ ಇರಬೇಕೆಂದು ಶಂಕಿಸಿದರು. ಹರಡುವಾಗ ಒಂದು ಊರಿಗೆ ಮೊದಲು, ಮಿಕ್ಕವಕ್ಕೆ ಆಮೇಲೆ ಎಂಬ ನಿಯಮ ಈ ಎರಡರಲ್ಲೂ ಆ ಕಡತಗಳಿಗೆ ಅನ್ವಯವಾಗುತ್ತಿರಲಿಲ್ಲ. ಕೋಡ್‌ಗೆ ಇರುವ ಕಾವಲು ಸೆಟ್ಟಿಂಗ್‌ಗೆ ಇರಲಿಲ್ಲ. ನಮ್ಮ ಕಂಪನಿಗಳಲ್ಲಿ ಬಹುಪಾಲು ಇವತ್ತಿಗೂ ಹಾಗೇ ನಡೆಯುತ್ತಿವೆ ಎಂದರೆ ಈ ಕೆಲಸ ಬಲ್ಲವರು ಯಾರೂ ಜಗಳಕ್ಕೆ ಬರಲಾರರು.

ಕ್ಲೌಡ್ ಮಾರುವವರು ಎಲ್ಲಕ್ಕಿಂತ ಜೋರಾಗಿ ಹೊಗಳುವ ಸರಕು ಆಟೊಸ್ಕೇಲಿಂಗ್. ಜನ ಹೆಚ್ಚಾದರೆ ಸರ್ವರ್ ತಾನೇ ಹೆಚ್ಚುತ್ತದೆ, ಕಡಿಮೆಯಾದರೆ ಇಳಿಯುತ್ತದೆ, ನೀವು ನಿಶ್ಚಿಂತೆಯಾಗಿ ಮಲಗಿ ಎನ್ನುತ್ತಾರೆ. 2021ರ ಜನವರಿ 4, ಹೊಸ ವರ್ಷದ ರಜೆ ಮುಗಿದ ಮೊದಲ ಸೋಮವಾರ, ಸ್ಲ್ಯಾಕ್ ಕಂಪನಿಯಲ್ಲಿ ಆದದ್ದನ್ನು ಅವರು ಹೇಳುವುದಿಲ್ಲ. ನೆಟ್‌ವರ್ಕ್ ಹಾದಿಯಲ್ಲಿ ದಟ್ಟಣೆಯಾಗಿ ಸರ್ವರ್‌ಗಳು ಉತ್ತರಕ್ಕಾಗಿ ಕಾಯುತ್ತ ಕೂತವು. ಕಾಯುವ ಸರ್ವರ್‌ನ ಸಿಪಿಯು ಬಿಡುವಾಗಿ ಕಾಣುತ್ತದೆ. ಕೆಲಸವಿಲ್ಲ ಎಂದುಕೊಂಡ ಆಟೊಸ್ಕೇಲರ್, ಜನ ಬಾಗಿಲಲ್ಲಿ ಕಿಕ್ಕಿರಿದಿದ್ದಾಗಲೇ ಸರ್ವರ್‌ಗಳನ್ನು ಕಡಿತಗೊಳಿಸಿತು. ಸ್ವಲ್ಪ ಹೊತ್ತಿಗೆ ಲೆಕ್ಕ ತಿರುಗಿ, ಕಾಲು ಗಂಟೆಯೊಳಗೆ ಸಾವಿರದ ಇನ್ನೂರು ಹೊಸ ಸರ್ವರ್‌ಗಳನ್ನು ಎಬ್ಬಿಸಲು ಹೊರಟಿತು. ಅಷ್ಟನ್ನು ಒಟ್ಟಿಗೆ ಅಣಿಗೊಳಿಸುವ ವ್ಯವಸ್ಥೆಗೆ ಉಸಿರು ಕಟ್ಟಿತು, ಹುಟ್ಟಿದ ಸರ್ವರ್‌ಗಳು ಅರೆಬೆಂದವಾಗಿ ನಿಂತವು.

ನಮ್ಮವರೇ ಇದಕ್ಕೆ ಉತ್ತರ ಕಂಡುಕೊಂಡಿದ್ದರು ಎಂಬುದು ಹೆಚ್ಚು ಜನಕ್ಕೆ ತಿಳಿದಿಲ್ಲ. 2019ರ ಜುಲೈ 10, ಮ್ಯಾಂಚೆಸ್ಟರಿನಲ್ಲಿ ವಿಶ್ವಕಪ್ ಸೆಮಿಫೈನಲ್. ನ್ಯೂಜಿಲೆಂಡ್ ವಿರುದ್ಧ ಧೋನಿ ಓಡುತ್ತಿದ್ದಾಗ ಹಾಟ್‌ಸ್ಟಾರ್‌ನಲ್ಲಿ ಒಂದೇ ಹೊತ್ತಿಗೆ ಎರಡೂವರೆ ಕೋಟಿಗೂ ಹೆಚ್ಚು ಜನ ನೋಡುತ್ತಿದ್ದರು. ಅದು ಆಗಿನ ವಿಶ್ವದಾಖಲೆ. ಗಪ್ಟಿಲ್ ಎಸೆದ ಚೆಂಡು ಬೇಲ್ಸ್ ಹಾರಿಸಿತು, ದೇಶ ತಲೆ ಮೇಲೆ ಕೈ ಹೊತ್ತಿತು, ಹಾಟ್‌ಸ್ಟಾರ್ ಎಂಜಿನಿಯರುಗಳಿಗೆ ಪರೀಕ್ಷೆ ಶುರುವಾದದ್ದು ಆಗ. ಬೇಸರಗೊಂಡವರು ಆಪ್ ಮುಚ್ಚುವುದಿಲ್ಲ, ಬ್ಯಾಕ್ ಬಟನ್ ಒತ್ತುತ್ತಾರೆ. ಕೋಟಿಗಟ್ಟಲೆ ಜನ ಒಂದೇ ಉಸಿರಿಗೆ ಮುಖಪುಟಕ್ಕೆ ಬಂದು ಬೀಳುತ್ತಾರೆ. ವಿಡಿಯೊ ನೋಡುವವರ ಸಂಖ್ಯೆ ಕುಸಿಯುತ್ತಿದೆಯೆಂದು ಯಂತ್ರ ಸರ್ವರ್ ಇಳಿಸಿದರೆ ಮುಖಪುಟ ಸತ್ತಂತೆಯೇ. ಇದು ಗೊತ್ತಿದ್ದ ತಂಡ ಅಮೆಜಾನ್‌ನ ಸಿದ್ಧ ಆಟೊಸ್ಕೇಲಿಂಗನ್ನು ನೆಚ್ಚಿಕೊಂಡಿರಲಿಲ್ಲ. ಇಷ್ಟು ಜನಕ್ಕೆ ಇಷ್ಟು ಸರ್ವರ್ ಎಂದು ಮೆಟ್ಟಿಲು ಮೆಟ್ಟಿಲಾಗಿ ಲೆಕ್ಕ ಹಾಕಿ, ಪಂದ್ಯಕ್ಕೆ ಮುಂಚೆಯೇ ಎಬ್ಬಿಸಿಟ್ಟುಕೊಂಡಿತ್ತು. ಕೃತಕ ಜನಜಂಗುಳಿ ಸೃಷ್ಟಿಸಿ ತಮ್ಮ ವ್ಯವಸ್ಥೆಯನ್ನು ತಾವೇ ಬೀಳಿಸಿ ನೋಡಿದ್ದರು. ತೀರಾ ಒತ್ತಡ ಬಂದರೆ ಶಿಫಾರಸು ಪಟ್ಟಿಯಂಥ ಅಲಂಕಾರಗಳನ್ನು ನಿಲ್ಲಿಸಿ ವಿಡಿಯೊ ಒಂದನ್ನಾದರೂ ಉಳಿಸಿಕೊಳ್ಳುವ ಏರ್ಪಾಡಿತ್ತು. ಆಟೊಮೇಷನ್ ಅಲ್ಲೂ ಇತ್ತು. ಆದರೆ ಮೆಟ್ಟಿಲು ಎಷ್ಟೆತ್ತರ ಎಂದು ನಿಶ್ಚಯಿಸಿದ್ದು ಕ್ರಿಕೆಟ್ ನೋಡಿ ಬೆಳೆದ, ನಮ್ಮ ಜನ ಯಾವಾಗ ಏನು ಒತ್ತುತ್ತಾರೆಂದು ಬಲ್ಲ ಮನುಷ್ಯರು.

ಯುಪಿಐನಲ್ಲಿ ಇದರ ತದ್ವಿರುದ್ಧ ನಡೆಯಿತು. 2025ರ ಏಪ್ರಿಲ್ 12ರ ಶನಿವಾರ ಚಹಾ ಅಂಗಡಿಯಿಂದ ಪೆಟ್ರೋಲ್ ಬಂಕಿನವರೆಗೆ ಕ್ಯೂಆರ್ ಕೋಡ್ ಮುಂದೆ ನಿಂತವರು ಜೇಬಿಗೆ ಕೈ ಹಾಕಬೇಕಾಯಿತು. ಕೆಲವು ಬ್ಯಾಂಕುಗಳ ಕಂಪ್ಯೂಟರುಗಳು, ಹಿಂದಿನ ವಹಿವಾಟು ಏನಾಯಿತು ಏನಾಯಿತು ಎಂದು ಎಡೆಬಿಡದೆ ಕೇಳುತ್ತ ವ್ಯವಸ್ಥೆಯನ್ನು ಮುಳುಗಿಸಿದ್ದು ಅಂದಿನ ತೊಂದರೆಗೆ ಮೂಲ. ಉತ್ತರ ತಡವಾದರೆ ಮತ್ತೆ ಕೇಳು ಎಂದು ಯಾರೋ ಬರೆದ ಒಂದು ಸಾಲು. ಎಷ್ಟು ಸಲ ಎಂದು ಬರೆದಿರಲಿಲ್ಲ. ಆಗಸ್ಟ್ 1ರಿಂದ, ಯುಪಿಐ ನಡೆಸುವ ಎನ್‌ಪಿಸಿಐ ಇಂಥ ಕೇಳಿಕೆಗಳಿಗೆ ಮಿತಿ ಹಾಕಿತು. ಒಂದು ಆಪ್‌ನಲ್ಲಿ ದಿನಕ್ಕೆ 50ಕ್ಕಿಂತ ಹೆಚ್ಚು ಬಾರಿ ಬ್ಯಾಲೆನ್ಸ್ ನೋಡುವಂತಿಲ್ಲ ಎಂಬ ನಿಯಮ ಬಂದದ್ದೂ ಆಗಲೇ. ಅದೇ ತಿಂಗಳು ಯುಪಿಐ ವಹಿವಾಟುಗಳ ಸಂಖ್ಯೆ 2000 ಕೋಟಿ ದಾಟಿತು ಎಂಬುದನ್ನು ನೆನೆದರೆ, ಮಿತಿ ಇಷ್ಟು ತಡವಾಗಿ ಬಂದದ್ದಕ್ಕೆ ಆಶ್ಚರ್ಯವಾಗುತ್ತದೆ.

ಅಳಿಸುವ ಅಧಿಕಾರದ ಮಾತು ಬೇರೆಯೇ. ಆಸ್ಟ್ರೇಲಿಯಾದ ಯೂನಿಸೂಪರ್ ಆರು ಲಕ್ಷಕ್ಕೂ ಹೆಚ್ಚು ಸದಸ್ಯರಿರುವ ಪಿಂಚಣಿ ನಿಧಿ. 2024ರ ಮೇ ತಿಂಗಳಲ್ಲಿ ಗೂಗಲ್ ಕ್ಲೌಡ್‌ನಲ್ಲಿದ್ದ ಅದರ ಖಾಸಗಿ ಕ್ಲೌಡ್ ಇಡಿಯಾಗಿ ಮಾಯವಾಯಿತು. ಒಂದು ವರ್ಷದ ಹಿಂದೆ ಅದನ್ನು ಸಿದ್ಧಪಡಿಸುವಾಗ ಒಳಗಿನ ಸಾಧನವೊಂದರಲ್ಲಿ ಒಂದು ಖಾನೆ ಖಾಲಿ ಬಿಡಲಾಗಿತ್ತು; ಖಾಲಿ ಎಂದರೆ ಒಂದು ವರ್ಷದ ಅವಧಿ ಎಂದು ಯಂತ್ರ ತಿಳಿದುಕೊಂಡಿತ್ತು. ಅವಧಿ ಮುಗಿದ ದಿನ ಅಳಿಸಿತು. ಗ್ರಾಹಕ ಅಳಿಸಲು ಹೇಳಿದ್ದಲ್ಲವಾದ್ದರಿಂದ ಮುನ್ಸೂಚನೆಯೂ ಹೋಗಲಿಲ್ಲ. ಯೂನಿಸೂಪರ್ ಬಚಾವಾದದ್ದರಲ್ಲಿ ಬೇರೊಂದು ಕಂಪನಿಯ ಬಳಿ ಇಟ್ಟಿದ್ದ ಬ್ಯಾಕಪ್‌ನ ಪಾಲೂ ಇದೆ. ಎಲ್ಲರಿಗೂ ಆ ಅದೃಷ್ಟವಿಲ್ಲ. 2025ರ ಸೆಪ್ಟೆಂಬರ್ 26ರಂದು ದಕ್ಷಿಣ ಕೊರಿಯಾದ ಡೇಜಾನ್ ನಗರದಲ್ಲಿ ಸರ್ಕಾರಿ ಡೇಟಾ ಸೆಂಟರಿಗೆ ಬೆಂಕಿ ಬಿದ್ದು 709 ಸರ್ಕಾರಿ ವ್ಯವಸ್ಥೆಗಳು ನಿಂತವು. ಸರ್ಕಾರಿ ನೌಕರರ ಕಡತಗಳಿದ್ದ ಕ್ಲೌಡ್ ಸಂಗ್ರಹ, 858 ಟೆರಾಬೈಟ್, ಹೊರಗೆ ಬ್ಯಾಕಪ್ ಇಲ್ಲದೆ ಸುಟ್ಟುಹೋಯಿತು. ತಂತ್ರಜ್ಞಾನದಲ್ಲಿ ಕೊರಿಯಾ ನಮಗಿಂತ ಹಿಂದಿದೆ ಎಂದು ಯಾರೂ ಹೇಳಲಾರರು.

ನಮ್ಮನ್ನು ಎಲ್ಲಕ್ಕಿಂತ ಕಾಡುವುದು ಕೈಕಸುಬು ಮರೆಯುತ್ತಿರುವುದು. 1983ರಲ್ಲೇ ಲಿಸಾನ್ ಬೇನ್‌ಬ್ರಿಜ್ ಎಂಬ ಬ್ರಿಟಿಷ್ ಮನಶ್ಶಾಸ್ತ್ರಜ್ಞೆ, ಆಟೊಮೇಷನ್ನಿನ ವಿಪರ್ಯಾಸಗಳನ್ನು ಕುರಿತ ತಮ್ಮ ಪ್ರಬಂಧದಲ್ಲಿ ಇದನ್ನು ಗುರುತಿಸಿದ್ದರು. ಸುಲಭದ ಕೆಲಸವನ್ನೆಲ್ಲ ಯಂತ್ರಕ್ಕೆ ಕೊಟ್ಟು ಅತಿ ಕಷ್ಟದ ಗಳಿಗೆಯನ್ನು ಮಾತ್ರ ಮನುಷ್ಯನಿಗೆ ಉಳಿಸುತ್ತೇವೆ. ಅಭ್ಯಾಸವಿಲ್ಲದ ಅವನು ಅದಕ್ಕೆ ಇನ್ನಷ್ಟು ಅಸಮರ್ಥನಾಗುತ್ತಾನೆ. 2023ರ ಮಾರ್ಚ್ 14ರಂದು ರೆಡಿಟ್ ಜಾಲತಾಣ 314 ನಿಮಿಷ ನಿಂತದ್ದಕ್ಕೆ ಕಾರಣ, ಕುಬರ್ನೆಟಿಸ್‌ನ ಹೊಸ ಆವೃತ್ತಿಯಲ್ಲಿ ಒಂದು ಹಣೆಪಟ್ಟಿಯ ಹೆಸರು ಬದಲಾದದ್ದು. ಆ ಹೆಸರನ್ನು ನಂಬಿಕೊಂಡ ನೆಟ್‌ವರ್ಕ್ ಸೆಟ್ಟಿಂಗ್ ಒಂದು ಒಳಗೆ ಇದೆ ಎಂಬುದೇ ಅಂದು ಅಪ್‌ಗ್ರೇಡ್ ಮಾಡಿದವರ ಗಮನದಲ್ಲಿರಲಿಲ್ಲ. ಬೆಂಗಳೂರಿಗೆ ಇದು ಪರದೇಶದ ಸುದ್ದಿಯಲ್ಲ. ಜಗತ್ತಿನ ಎಷ್ಟೋ ಕಂಪನಿಗಳ ಆನ್‌ಕಾಲ್ ಪಾಳಿ ನಡೆಯುವುದು ಬೆಳ್ಳಂದೂರು, ವೈಟ್‌ಫೀಲ್ಡ್‌ಗಳಲ್ಲಿ. ನಡುರಾತ್ರಿ ಫೋನ್ ಕೂಗಿದಾಗ ಏಳುವ ಇಪ್ಪತ್ತಮೂರರ ಹುಡುಗಿಗೆ ಡ್ಯಾಶ್‌ಬೋರ್ಡ್ ಗೊತ್ತು. ಡ್ಯಾಶ್‌ಬೋರ್ಡೇ ಕಾಣದಿದ್ದಾಗ ಏನು ಮಾಡಬೇಕೆಂದು ಅವಳಿಗೆ ಹೇಳಿಕೊಟ್ಟವರು ಯಾರು? ಹೇಳಿಕೊಡಬಲ್ಲ ಹಿರಿಯರನ್ನು ಖರ್ಚು ಉಳಿಸಲೆಂದು ಹೋದ ವರ್ಷವೇ ಕಳಿಸಿಯಾಗಿರುತ್ತದೆ.

ಅವರ ಜಾಗಕ್ಕೆ ಈಗ ಎಐ ಏಜೆಂಟ್ ಬರುತ್ತಿದೆ. 2025ರ ಜುಲೈನಲ್ಲಿ ರೆಪ್ಲಿಟ್ ಎಂಬ ವೇದಿಕೆಯ ಏಜೆಂಟ್, ಏನನ್ನೂ ಬದಲಿಸಬೇಡ ಎಂದು ಹೇಳಿದ್ದರೂ ಗ್ರಾಹಕನೊಬ್ಬನ ಚಾಲ್ತಿ ಡೇಟಾಬೇಸ್ ಅಳಿಸಿತು. ಮರಳಿ ಪಡೆಯಲಾಗದು ಎಂದೂ ಹೇಳಿತು, ಆ ಮಾತು ಸುಳ್ಳೆಂದು ಆಮೇಲೆ ಗೊತ್ತಾಯಿತು. ಏಜೆಂಟ್‌ಗೆ ಓದಲು ಬಿಡಿ, ಬರೆದು ತೋರಿಸಲು ಬಿಡಿ. ಅಳಿಸುವ ಬೀಗದ ಕೈ ಮಾತ್ರ ಕೊಡಬೇಡಿ. ಇದರಲ್ಲಿ ನಮಗೆ ಎರಡನೇ ಅಭಿಪ್ರಾಯವಿಲ್ಲ.

ಇನ್ನು ನಮ್ಮ ರಾಜ್ಯ. ‘ಸರ್ವರ್ ಡೌನ್’ ಎಂಬ ಎರಡು ಮಾತು ನ್ಯಾಯಬೆಲೆ ಅಂಗಡಿಯ ಅಜ್ಜಿಗೂ ಬಾಯಿಪಾಠವಾಗಿದೆ. 2023ರ ಜೂನ್‌ನಲ್ಲಿ ಗೃಹಜ್ಯೋತಿ ನೋಂದಣಿ ತೆರೆದಾಗ ಸೇವಾ ಸಿಂಧು ಹೆಣಗಿದ್ದನ್ನು ಎಲ್ಲರೂ ನೋಡಿದ್ದೇವೆ. 2025ರ ಆರಂಭದಲ್ಲಿ ಕಾವೇರಿ 2.0 ತಂತ್ರಾಂಶ ಕೈಕೊಟ್ಟು ಉಪನೋಂದಣಿ ಕಚೇರಿಗಳಲ್ಲಿ ಕ್ರಯಪತ್ರಗಳು ನಿಂತವು. ಬಾಟ್‌ಗಳ ಮೂಲಕ ನಡೆದ ದಾಳಿ ಅದಕ್ಕೆ ಕಾರಣವೆಂದು ಸರ್ಕಾರ ಹೇಳಿತು. ಇಂಥ ಪ್ರತಿಯೊಂದು ಮುಗ್ಗರಿಕೆಯ ಬೆನ್ನಿಗೂ ಒಂದು ಸಿದ್ಧ ಸಲಹೆ ಬರುತ್ತದೆ: ಕ್ಲೌಡ್‌ಗೆ ಹೋಗಿ, ಆಟೊಸ್ಕೇಲಿಂಗ್ ಹಾಕಿ. ಬಾಟ್ ಯಾರು, ಋಣಭಾರ ಪತ್ರಕ್ಕೆ ಬಂದ ರೈತ ಯಾರು ಎಂದು ಆಟೊಸ್ಕೇಲರ್‌ಗೆ ತಿಳಿಯದು. ದಾಳಿ ಮಾಡುವವನಿಗೂ ಅದು ಮಣೆ ಹಾಕಿ ಹೊಸ ಸರ್ವರ್ ಎಬ್ಬಿಸುತ್ತದೆ, ಬಿಲ್ಲು ಖಜಾನೆಗೆ ಬರುತ್ತದೆ. ಸೈಟ್ ಬೀಳಲಿಲ್ಲ ಎಂದು ಎಲ್ಲರೂ ಖುಷಿಯಾಗಿರುವಾಗ ತಿಂಗಳ ಕೊನೆಗೆ ಲೆಕ್ಕಪತ್ರದವರು ಬೆಚ್ಚಿಬೀಳುತ್ತಾರೆ. ಮುಂದೆ ಅರ್ಜಿದಾರರ ಸಾಲು ಎಷ್ಟೇ ಉದ್ದವಿರಲಿ, ಹಿಂದೆ ಡೇಟಾಬೇಸ್ ಒಂದೇ ಇದ್ದರೆ ಸಾವಿರ ಸರ್ವರ್ ಎಬ್ಬಿಸಿದರೂ ಅವೆಲ್ಲ ಹೋಗಿ ಅದೇ ಬಾಗಿಲಿಗೆ ಮುಗಿಬೀಳುತ್ತವೆ ಎಂಬುದೂ ಸಲಹೆ ಕೊಡುವವರಿಗೆ ಗೊತ್ತಿರುವ ಸಂಗತಿಯೇ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟಿನ 19ನೇ ಕ್ರಸ್ಟ್ ಗೇಟಿನ ಸರಪಳಿ ತುಂಡಾದಾಗ, ಹರಿಯುವ ನೀರಿಗೆ ಅಡ್ಡ ಇಳಿಸಲು ಸ್ಟಾಪ್‌ಲಾಗ್ ಅಲ್ಲಿರಲಿಲ್ಲ. ಹೊಸದಾಗಿ ಮಾಡಿಸಿ ತರುವಷ್ಟರಲ್ಲಿ ಹತ್ತಾರು ಟಿಎಂಸಿ ನೀರು ನದಿಗೆ ಹರಿದಿತ್ತು. ನಮ್ಮ ಡಿಜಿಟಲ್ ಸೇವೆಗಳೂ ಇವತ್ತು ಸ್ಟಾಪ್‌ಲಾಗ್ ಇಲ್ಲದೆಯೇ ತುಂಬಿ ನಿಂತಿವೆ. ಇ-ಆಡಳಿತ ಇಲಾಖೆ, ಸಹಕಾರ ಬ್ಯಾಂಕುಗಳು, ಆಸ್ಪತ್ರೆಗಳು, ವಿಶ್ವವಿದ್ಯಾಲಯಗಳು ಮುಂದಿನ ಹೋಸ್ಟಿಂಗ್ ಟೆಂಡರ್ ಕರೆಯುವಾಗ ಕೆಲವು ಷರತ್ತುಗಳನ್ನು ಈಗಲೇ ಬರೆದುಕೊಳ್ಳಲಿ. ಯಾವ ಬದಲಾವಣೆಯೂ, ಅದು ಬರೀ ಸೆಟ್ಟಿಂಗ್ ಆಗಿದ್ದರೂ, ಮೊದಲು ಒಂದು ತಾಲ್ಲೂಕಿಗೆ ಹೋಗಿ ನಿಂತು ನೋಡಿಯೇ ರಾಜ್ಯಕ್ಕೆ ಹೋಗಬೇಕು. ಅಳಿಸುವ ಆಜ್ಞೆಗೆ ಇಬ್ಬರು ಮನುಷ್ಯರ ಒಪ್ಪಿಗೆ ಬೇಕು, ಅಳಿಸಿದ್ದು ಕೆಲವು ದಿನವಾದರೂ ಮರಳಿ ಸಿಗುವಂತಿರಬೇಕು. ಆಟೊಸ್ಕೇಲಿಂಗ್‌ಗೆ ಮೇಲ್ಮಿತಿಯಷ್ಟೇ ಸಾಲದು, ಕೆಳಮಿತಿಯೂ ಇರಬೇಕು. ಖರ್ಚಿನ ಮಿತಿ ಮುಟ್ಟಿದಾಗ ಯಾರ ಫೋನ್ ಕೂಗಬೇಕೆಂದು ಹೆಸರು ಹಾಕಿ ಬರೆದಿರಬೇಕು. ಸೇವೆ ನಿಂತಿದೆ ಎಂದು ಜನರಿಗೆ ತಿಳಿಸುವ ಪುಟ ಅದೇ ಕ್ಲೌಡ್‌ನಲ್ಲಿ ಇರಕೂಡದು. 2017ರ ಫೆಬ್ರುವರಿ 28ರಂದು ಅಮೆಜಾನ್‌ನ ಎಸ್3 ಸಂಗ್ರಹ ಸೇವೆ ನಿಂತಾಗ ಸ್ಥಿತಿ ತೋರಿಸುವ ಅದರ ಫಲಕವೂ ಎಸ್3 ಮೇಲೇ ನಿಂತಿತ್ತು. ಎಲ್ಲ ಹಾಳಾಗಿದ್ದರೂ ಫಲಕದಲ್ಲಿ ಹಸಿರು ಬಣ್ಣವೇ ಉಳಿದಿತ್ತು. ವರ್ಷಕ್ಕೆ ಎರಡು ಸಲವಾದರೂ ಆಟೊಮೇಷನ್ ಆರಿಸಿ, ಕೈಯಾರೆ ಸೇವೆ ಎಬ್ಬಿಸುವ ತಾಲೀಮು ನಡೆಯಲಿ. ಪ್ರತಿ ದೊಡ್ಡ ವೈಫಲ್ಯದ ಕಾರಣವನ್ನು ಅಮೆಜಾನ್, ಕ್ಲೌಡ್‌ಫ್ಲೇರ್‌ನಂಥ ಖಾಸಗಿ ಕಂಪನಿಗಳೇ ಸಾರ್ವಜನಿಕವಾಗಿ ಬರೆಯುತ್ತವೆ ಎಂದಮೇಲೆ ತೆರಿಗೆ ಹಣದ ಸರ್ವರ್‌ಗಳ ಕಥೆ ಗುಟ್ಟಾಗಿರಬೇಕಿಲ್ಲ.

ಓದುಗರೂ ಒಂದು ಕೆಲಸ ಮಾಡಬಹುದು. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಮುಖ್ಯ ಡೇಟಾಬೇಸ್ ಅಳಿಸಿಹೋದಾಗ ಅದರ ಬಳಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆ ಇತ್ತು, ಒಂದೂ ನೆಟ್ಟಗೆ ಕೆಲಸ ಮಾಡುತ್ತಿರಲಿಲ್ಲ. ಆರು ಗಂಟೆ ಹಿಂದೆ ಯಾರೋ ಬೇರೆ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿ ಕಂಪನಿಯನ್ನು ಉಳಿಸಿತು. ನಿಮ್ಮ ಸಹಕಾರ ಬ್ಯಾಂಕಿನ ಸರ್ವಸದಸ್ಯರ ಸಭೆಯಲ್ಲಿ, ಮಕ್ಕಳ ಕಾಲೇಜಿನ ಪೋಷಕರ ಸಭೆಯಲ್ಲಿ, ನೀವು ಕೆಲಸ ಮಾಡುವ ಕಚೇರಿಯಲ್ಲಿ ಎದ್ದು ನಿಂತು ಕೇಳಿ: ಬ್ಯಾಕಪ್‌ನಿಂದ ಕೊನೆಯ ಸಲ ರೀಸ್ಟೋರ್ ಮಾಡಿ ನೋಡಿದ್ದು ಯಾವ ತಾರೀಕು? ಉತ್ತರವಾಗಿ ತಾರೀಕು ಬರುವವರೆಗೆ ಕೂರಬೇಡಿ.